‘ಖರಾಬು’ ಎಂಬ ಹಣೆಪಟ್ಟಿ

ಯುವಜನರು ಪಟ್ಟಣ ಸೇರಿದಂತೆಲ್ಲ, ಪಿತ್ರಾರ್ಜಿತವಾಗಿ ಬಂದ ಕಲ್ಲುಗುಡ್ಡ, ಹುಲ್ಲುಬ್ಯಾಣಗಳು ಮಲೆನಾಡಿನ ಅನೇಕ ಕುಟುಂಬಗಳಿಗೆ ಹೊರೆಯೆನಿಸಿವೆ. ಬೆಳೆಯಿಲ್ಲ, ಬೆಲೆಯಿಲ್ಲ, ಇವನ್ನು ಏನು ಮಾಡುವುದು?

ಮಾರಾಟ ಸುಲಭದ ದಾರಿ. 2020ರ ಭೂಸುಧಾರಣಾ ಕಾಯಿದೆಯ ತಿದ್ದುಪಡಿಯ ಬಳಿಕ ಕೃಷಿಕರಲ್ಲದವರೂ ಕೃಷಿಭೂಮಿಯನ್ನು ಕೊಳ್ಳಬಹುದಾಗಿದೆ. ಆದರೆ ಕೊಂಡವರು ಗುಡ್ಡ ಸೀಳಿ ರೆಸಾರ್ಟು ಕಟ್ಟಿದರೆ ಕೆಳಗಿನ ಊರಿನ ಒರತೆ ಬತ್ತೀತು. ಅಕೇಶಿಯಾ ನೆಟ್ಟರೆ ದನಗಳ ಮೇವಿಗೆ ಸಂಚಕಾರ. ಗ್ರಾಮ ಪಂಚಾಯಿತಿಗೆ ದಾನಪತ್ರ ಮಾಡಿಕೊಡುವುದು ಮೂರನೆಯ ದಾರಿ. ಕೊಡಲೊಲ್ಲದವರು ಬೆಂಕಿ, ಕೊಡಲಿ ತಾಗದಂತೆ ಸುಮ್ಮನೆ ಬಿಟ್ಟರೂ ಸಾಕು. ನೇರಳೆ, ಹೊನ್ನೆಗಳು ತಾವಾಗಿ ಚಿಗುರಿಯಾವು.

ಉಳಲಾಗದ ನೆಲವನ್ನು ಕಂದಾಯದ ಕಡತ ‘ಖರಾಬು’ ಎನ್ನುತ್ತದೆ. ತುಂಗಾ, ಭದ್ರಾ, ನೇತ್ರಾವತಿಗಳು ಹುಟ್ಟುವುದು ನೇಗಿಲು ತಾಗದ ಕುದುರೆಮುಖ ಶ್ರೇಣಿಯಲ್ಲಿ. ಗುಡ್ಡವನ್ನು ಮಾರಲು ಹೊರಟವರು ಕ್ರಯಪತ್ರಕ್ಕೆ ಸಹಿ ಹಾಕುವ ಮುನ್ನ, ಅದರ ನೀರನ್ನು ಯಾರು ಕುಡಿಯುತ್ತಿದ್ದಾರೆಂದು ಒಮ್ಮೆ ಕೇಳಿಕೊಳ್ಳಲಿ.