ನಗದು ಹೋಗದಿದ್ದರೆ ಖರ್ಚಲ್ಲವೇ?

ಕೂಲಿ ಕೊಡಲು ಕೈಯಲ್ಲಿ ದುಡ್ಡಿಲ್ಲದ ರೈತನೊಬ್ಬ ಆಳಿಗೆ ವರ್ಷಕ್ಕೊಂದು ಗುಂಟೆ ಹೊಲವನ್ನೇ ಬರೆದುಕೊಟ್ಟ ಅನ್ನಿ. ಸುಗ್ಗಿ ಮುಗಿದ ಮೇಲೆ ಅಣ್ಣತಮ್ಮಂದಿರ ಮುಂದೆ ಕೂತು, ‘ಈ ಸಲ ಕೂಲಿಯ ಖರ್ಚೇ ಇಲ್ಲ, ಗಂಟಿನಿಂದ ಒಂದು ಕಾಸೂ ಹೋಗಿಲ್ಲ’ ಎಂದರೆ ಅವರು ಸುಮ್ಮನಿರುತ್ತಾರೆಯೇ? ಷೇರುಪೇಟೆಯಲ್ಲಿ ಮಾತ್ರ ಈ ಮಾತು ನಡೆಯುತ್ತದೆ. ‘ಇಸಾಪ್ ವೆಚ್ಚ ನಾನ್-ಕ್ಯಾಶ್, ಅದನ್ನು ಬಿಟ್ಟು ನೋಡಿದರೆ ಲಾಭ ಇನ್ನೂ ಚೆನ್ನಾಗಿದೆ’ ಎನ್ನುತ್ತಾರೆ. ಯಾಕೆ ಬಿಟ್ಟು ನೋಡಬೇಕು?

ಮ್ಯೂಚುವಲ್ ಫಂಡ್ ನಡೆಸುವ ಕಂಪನಿ ತನ್ನ ಫಂಡ್ ಮ್ಯಾನೇಜರ್‌ಗೆ 1 ಲಕ್ಷ ಆಯ್ಕೆಗಳನ್ನು ಕೊಡುತ್ತದೆ ಎಂದುಕೊಳ್ಳಿ: ನಾಲ್ಕು ವರ್ಷ ಇಲ್ಲೇ ದುಡಿದರೆ ಇವತ್ತಿನ ಬೆಲೆಗೇ ಷೇರು ಕೊಳ್ಳಬಹುದು. ಆ ಹಕ್ಕಿಗೆ ಕೊಟ್ಟ ದಿನದ ಬೆಲೆ ತಲಾ 400 ರೂಪಾಯಿ ಎಂದಾದರೆ ಒಟ್ಟು 4 ಕೋಟಿ. ವರ್ಷಕ್ಕೆ 1 ಕೋಟಿಯಂತೆ ನೌಕರರ ವೆಚ್ಚದಲ್ಲಿ ಬರೆಯಿರಿ ಎನ್ನುತ್ತದೆ ಇಂಡ್ ಎಎಸ್ 102. ಆಮೇಲೆ ಷೇರು ಐದು ಪಟ್ಟು ಏರಿದರೂ ಈ ಖರ್ಚು ಏರುವುದಿಲ್ಲ. ನಿಯಮ ಕಂಪನಿಗೆ ಉದಾರವಾಗಿಯೇ ಇದೆ. ಅಷ್ಟನ್ನೂ ಅಳಿಸಿ ನೋಡಿ ಎನ್ನುವುದು ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಜಾತ್ರೆಯ ಖರ್ಚು ಸಣ್ಣ ಷೇರುದಾರನದು. ಹೊಸ ಷೇರು ಹುಟ್ಟಿದಷ್ಟೂ ಅವನ ಪಾಲು ಕರಗುತ್ತದೆ.

ಸಿಮೆಂಟ್ ಕಂಪನಿಗೆ ಗಣಿ, ಕುಲುಮೆ ಇರುತ್ತವೆ. ಹೂಡಿಕೆ ನಿರ್ವಹಿಸುವ ಕಂಪನಿಗೆ ಇರುವುದು ಮನುಷ್ಯರು. ಸಂಬಳವೇ ಅದರ ದೊಡ್ಡ ವೆಚ್ಚಗಳಲ್ಲೊಂದು. ಆ ಸಂಬಳದ ಒಂದು ತುಂಡನ್ನು ಮರೆಮಾಡಿ ಲಾಭ ಅಳೆದರೆ ಉಳಿಯುವುದೇನು?

‘ಷೇರು ಹೆಚ್ಚಿದಾಗ ಪ್ರತಿ ಷೇರಿನ ಗಳಿಕೆ ತಾನೇ ತಗ್ಗುತ್ತದೆ. ಖರ್ಚನ್ನೂ ಬರೆದರೆ ಒಂದೇ ಹೊರೆ ಎರಡು ಸಲ ಹೊತ್ತಂತೆ’ ಎಂಬ ವಾದವಿದೆ. ಅಲ್ಲ. ದುಡಿಮೆಯ ಬೆಲೆ ಎಷ್ಟು ಎಂಬುದು ಒಂದು ಪ್ರಶ್ನೆ. ಉಳಿದದ್ದನ್ನು ಎಷ್ಟು ಜನ ಹಂಚಿಕೊಳ್ಳಬೇಕು ಎಂಬುದು ಇನ್ನೊಂದು. ಕೂಲಿಯ ಲೆಕ್ಕ ಬೇರೆ, ಪಾಲಿನ ಲೆಕ್ಕ ಬೇರೆ. ಮುಂದೆ ಪಾಲು ಕರಗದಿರಲೆಂದು ಕಂಪನಿ ತನ್ನದೇ ಷೇರನ್ನು ಪೇಟೆಯಿಂದ ಮರಳಿ ಕೊಂಡರೆ, ‘ಹೋಗದ’ ನಗದು ಹಿತ್ತಲ ಬಾಗಿಲಿನಿಂದ ಹೋಗಿಯೇ ಹೋಗುತ್ತದೆ.

2021ರಲ್ಲಿ ಸೆಬಿ, ಫಂಡ್ ಕಂಪನಿಗಳ ಪ್ರಮುಖ ನೌಕರರಿಗೆ ಸಂಬಳದ ಕನಿಷ್ಠ ಶೇ. 20ರಷ್ಟನ್ನು ಅವರು ನಿರ್ವಹಿಸುವ ಫಂಡ್‌ಗಳ ಯೂನಿಟ್‌ಗಳಲ್ಲೇ ಕೊಡಬೇಕೆಂದಿತು. ಆಮೇಲೆ ನಿಯಮ ಸಡಿಲವಾಯಿತು. ಆದರೆ ಯೂನಿಟ್ ರೂಪದಲ್ಲಿ ಹೋದ ಸಂಬಳ ಸಂಬಳವೇ ಅಲ್ಲ ಎಂದು ಯಾರೂ ವಾದಿಸಲಿಲ್ಲ. ಷೇರಿಗೆ ಮಾತ್ರ ಯಾಕೆ ಈ ವಿನಾಯಿತಿ?

ಇಸಾಪ್ ಬೇಡ ಎನ್ನುತ್ತಿಲ್ಲ. ಈ ಊರುಗಳಲ್ಲಿ ದುಡಿಯುವ ನಮ್ಮಲ್ಲಿ ಹಲವರ ಆಫರ್ ಲೆಟರ್‌ನಲ್ಲೂ ಅದಿದೆ. ಆ ಆಯ್ಕೆ ಬಳಸಿ ಷೇರು ಪಡೆದಾಗ ಅಂದಿನ ಬೆಲೆಗೂ ನಾವು ಕೊಟ್ಟ ಬೆಲೆಗೂ ಇರುವ ಅಂತರವನ್ನು ಆದಾಯ ತೆರಿಗೆ ಇಲಾಖೆ ಸಂಬಳವೆಂದೇ ಎಣಿಸುತ್ತದೆ. ಪಡೆದವನಿಗೆ ಸಂಬಳವಾದದ್ದು ಕೊಟ್ಟವನಿಗೆ ಖರ್ಚಲ್ಲ ಎಂದರೆ ನಂಬಬೇಡಿ.