ಸಾಲಪತ್ರದ ಕನ್ನಡ ಯಾರಿಗೆ ಅರ್ಥವಾಗುತ್ತದೆ?

‘ಸಾಲಗಾರರೂ ಜಾಮೀನುದಾರರೂ ಜಂಟಿಯಾಗಿಯೂ ಪ್ರತ್ಯೇಕವಾಗಿಯೂ ಬಾಧ್ಯಸ್ಥರಾಗಿರತಕ್ಕದ್ದು.’

ರೈತ ಬಾಂಧವರೇ, ಇಂಥ ಮಾತಿನ ಕೆಳಗೆ ನಮ್ಮಲ್ಲಿ ಎಷ್ಟು ಜನ ರುಜು ಹಾಕಿಲ್ಲ? ಓದಲು ಬಾರದವರ ಮಾತು ಬಿಡಿ, ಓದಿದವರನ್ನೇ ಕೇಳಿ. ‘ಇಬ್ಬರೂ ಸೇರಿ ಕಟ್ಟೋದು, ಅವನದು ಅರ್ಧ, ನನ್ನದು ಅರ್ಧ’ ಅಂತಾರೆ. ಅಲ್ಲ ಸ್ವಾಮಿ! ಅರ್ಧ ಅಲ್ಲ, ಪೂರ್ತಿ. 1872ರ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ, ಪತ್ರದಲ್ಲಿ ಬೇರೆ ರೀತಿ ಬರೆದಿರದಿದ್ದರೆ, ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ. ಮೊದಲು ಸಾಲಗಾರನ ಆಸ್ತಿ ಮುಟ್ಟಿ ಆಮೇಲೆ ನಿಮ್ಮ ಮನೆಗೆ ಬರಬೇಕು ಅನ್ನುವ ಕಟ್ಟುಪಾಡೂ ಬ್ಯಾಂಕಿಗೆ ಇಲ್ಲ. ಭಾವಮೈದುನನ ಪಂಪ್‌ಸೆಟ್ ಸಾಲಕ್ಕೆ ಮುಲಾಜಿಗೆ ಬಿದ್ದು ಒಂದು ರುಜು ಹಾಕಿದವನಿಗೆ ಇದು ಗೊತ್ತಾಗುವುದು ನೋಟೀಸು ಬಂದ ದಿನ!

ಬರಹ ಎಷ್ಟು ಸುಲಭ, ಎಷ್ಟು ಕಷ್ಟ ಎಂದು ಅಳೆಯುವ ಲೆಕ್ಕವೂ ಉಂಟು. 1948ರಲ್ಲಿ ಅಮೆರಿಕದ ರುಡಾಲ್ಫ್ ಫ್ಲೆಷ್ ಎಂಬಾತ ಇಂಗ್ಲಿಷಿಗೆ ಒಂದು ಸೂತ್ರ ಕಟ್ಟಿದ. ವಾಕ್ಯಕ್ಕೆ ಎಷ್ಟು ಪದ, ಪದದಲ್ಲಿ ಎಷ್ಟು ಉಚ್ಚಾರಣೆಯ ತುಂಡು ಎಂದು ಎಣಿಸಿ ಅಂಕ ಕೊಡುವುದು. ಆ ತಕ್ಕಡಿ ನಮ್ಮ ನುಡಿಗೆ ಒಗ್ಗದು. ‘ಕಟ್ಟಬೇಕಾಗಿರುವುದರಿಂದ’ ಹತ್ತು ಅಕ್ಷರದ ಪದ, ಯಾವ ಅಜ್ಜಿಗೂ ಅರ್ಥವಾಗುತ್ತದೆ. ‘ಬಾಧ್ಯತೆ’ ಮೂರೇ ಅಕ್ಷರ, ಅರ್ಥ ಹೇಳಲು ವಕೀಲರು ಬೇಕು. ಇನ್ನು ‘ಸುಸ್ತಿ’, ‘ಜಪ್ತಿ’ ಹೊರಗಿನಿಂದ ಬಂದ ಮಾತುಗಳೇ. ಆದರೆ ಅವುಗಳ ಏಟು ತಿನ್ನದ ಹಳ್ಳಿ ಇಲ್ಲ, ಹಾಗಾಗಿ ಯಾರಿಗೂ ವಿವರಿಸಬೇಕಿಲ್ಲ. ಸಂಸ್ಕೃತ ತೆಗೆದು ಅಚ್ಚಗನ್ನಡ ತುಂಬಿದರೆ ಆಯ್ತು ಅನ್ನುವ ಪಂಡಿತರೂ ಇದನ್ನು ಗಮನಿಸಲಿ.

ಕನ್ನಡಕ್ಕೆ ಸರಿಯಾದ ಅಳತೆ ಓದುವವನೇ. ಪತ್ರ ಅಚ್ಚಿಗೆ ಹೋಗುವ ಮುಂಚೆ ಹತ್ತು ಜನ ರೈತರ ಕೈಗೆ ಕೊಟ್ಟು ಕೇಳಲಿ: ಒಟ್ಟು ಎಷ್ಟು ಕಟ್ಟಬೇಕು? ಯಾವ ತಾರೀಖಿಗೆ? ತಪ್ಪಿದರೆ ಏನು ಹೋಗುತ್ತೆ, ಯಾರದು ಹೋಗುತ್ತೆ? ಹತ್ತರಲ್ಲಿ ಮೂವರು ತಪ್ಪು ಹೇಳಿದರೂ ಆ ಪತ್ರ ಫೇಲು. ಇಂಥ ಪರೀಕ್ಷೆಗೆ ದುಡ್ಡೂ ಬೇಡ, ಕಮಿಟಿಯೂ ಬೇಡ.

ಬರೆಯಲು ಆಗುವುದಿಲ್ಲವೇ? ‘ಸಾಲ ಪಡೆದವನು ಕಟ್ಟದಿದ್ದರೆ ಪೂರ್ತಿ ಸಾಲ, ಬಡ್ಡಿ, ಖರ್ಚು ಎಲ್ಲವನ್ನೂ ನಿಮ್ಮಿಂದಲೇ ವಸೂಲು ಮಾಡಬಹುದು.’ ಒಂದೇ ವಾಕ್ಯ. ಇಷ್ಟನ್ನು ದಪ್ಪಕ್ಷರದಲ್ಲಿ ಹಾಕಿದರೆ ಅರ್ಧಕ್ಕರ್ಧ ಜನ ಜಾಮೀನು ನಿಲ್ಲುವುದಿಲ್ಲ ಅನ್ನುವ ಹೆದರಿಕೆ ಇರಬಹುದು!

2024ರ ಏಪ್ರಿಲಿನಲ್ಲಿ ರಿಸರ್ವ್ ಬ್ಯಾಂಕು ಒಂದು ಸುತ್ತೋಲೆ ಹೊರಡಿಸಿತು. ಅದೇ ವರ್ಷ ಅಕ್ಟೋಬರ್ 1ರಿಂದ ಹೊಸ ಚಿಲ್ಲರೆ ಸಾಲಗಳಿಗೂ ಸಣ್ಣ ಉದ್ದಿಮೆಗಳ ಅವಧಿ ಸಾಲಗಳಿಗೂ ಮುಖ್ಯಾಂಶಗಳ ಪಟ್ಟಿಯನ್ನು ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು, ವಿವರಿಸಿ ಹೇಳಬೇಕು ಎಂದಿದೆ. ಒಳ್ಳೆಯದೇ. ಆದರೆ ಕನ್ನಡ ಲಿಪಿಯಲ್ಲಿ ಇದ್ದ ಮಾತ್ರಕ್ಕೆ ಅರ್ಥವಾಗುವ ಭಾಷೆ ಆಯಿತೇ? ಮತ್ತೆ ಸಾಲಗಾರನಿಗೆ ಮಾತ್ರ ಯಾಕೆ? ಜಾಮೀನುದಾರನಿಗೂ ಅಂಥದೇ ಒಂದು ಹಾಳೆ ಕೊಡಲಿ. ಅಲ್ಲಿಯವರೆಗೆ ಕೌಂಟರಿನಲ್ಲಿ ಕೂತು, ‘ಓದಿ ಹೇಳಿ ಸಾರ್, ನನಗೆ ತಿಳಿಯೋ ಮಾತಲ್ಲಿ ಹೇಳಿ’ ಅನ್ನಿ. ಹೇಳಿದ್ದನ್ನು ಆ ಪತ್ರದ ಮೇಲೆಯೇ ಬರೆಸಿ, ಅವರ ರುಜು ಮೊದಲು ಹಾಕಿಸಿ.