ಬೇಸರವು ಸ್ಥಿತಿಯಲ್ಲ, ನೋಕಷಾಯ

ಈಚಿನ ದಿನಗಳಲ್ಲಿ ನಮ್ಮ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ಸುಶಿಕ್ಷಿತರಲ್ಲಿ ಒಂದು ಮಾತು ರೂಢಿಯಾಗಿದೆ. ಬೇಸರವು ಕ್ರೋಧ, ಭಯಗಳಂತಹ ಭಾವವಲ್ಲವಂತೆ, ಅದೊಂದು ಸ್ಥಿತಿಯಂತೆ, ಮೋಡ ಕವಿದ ಹವೆಯಂತೆ ತಾನಾಗಿ ಬಂದು ತಾನಾಗಿ ಹೋಗುವುದಂತೆ, ಅದಕ್ಕೆ ಯಾರೂ ಹೊಣೆಯಲ್ಲವಂತೆ. ಕೇಳಲು ಹಿತವಾದ ಈ ಮಾತು ಶಾಸ್ತ್ರಕ್ಕೂ ಅನುಭವಕ್ಕೂ ವಿರುದ್ಧವಾದುದು. ಇದನ್ನು ಖಂಡಿಸದೆ ಬಿಟ್ಟರೆ ಹಾನಿಯುಂಟು.

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಎಂಟನೆಯ ಅಧ್ಯಾಯದಲ್ಲಿ ಮೋಹನೀಯ ಕರ್ಮಕ್ಕೆ 28 ಭೇದಗಳನ್ನು ಹೇಳಿದ್ದಾರೆ. ಅವುಗಳಲ್ಲಿ 25 ಚಾರಿತ್ರಮೋಹನೀಯದವು: ಕಷಾಯ 16, ನೋಕಷಾಯ 9. ಹಾಸ್ಯ, ರತಿ, ಅರತಿ, ಶೋಕ, ಭಯ, ಜುಗುಪ್ಸೆ ಹಾಗೂ ಮೂರು ವೇದಗಳೇ ಆ ಒಂಬತ್ತು. ಯಾವುದರ ಉದಯದಿಂದ ಸ್ಥಳ ಮೊದಲಾದವುಗಳಲ್ಲಿ ಔತ್ಸುಕ್ಯ ಹುಟ್ಟುವುದೋ ಅದು ರತಿ, ಅದರ ವಿಪರೀತವೇ ಅರತಿ ಎಂಬುದು ಸರ್ವಾರ್ಥಸಿದ್ಧಿಯಲ್ಲಿ ಪೂಜ್ಯಪಾದರು ಕೊಡುವ ಅರ್ಥ. ಇದ್ದ ಊರು ಬೇಡ, ಹಿಡಿದ ಕೆಲಸ ಬೇಡ, ಓದುವ ಪುಟ ಬೇಡ ಎನ್ನುವ ಮನಸ್ಸಿನ ವಿಮುಖತೆಯೇ ಅರತಿ. ನಾವು ಬೇಸರವೆನ್ನುವುದು ಇದನ್ನೇ.

ಹವೆಯ ಹೋಲಿಕೆಗೂ ಅಲ್ಲಿಯೇ ಉತ್ತರವಿದೆ. 22 ಪರೀಷಹಗಳಲ್ಲಿ ಶೀತ, ಉಷ್ಣ, ಅರತಿ ಮೂರೂ ಸೇರಿವೆ. ಆದರೆ ಒಂಬತ್ತನೆಯ ಅಧ್ಯಾಯವು ಶೀತೋಷ್ಣಗಳಿಗೆ ವೇದನೀಯ ಕರ್ಮವನ್ನೂ ಅರತಿಗೆ ಚಾರಿತ್ರಮೋಹವನ್ನೂ ಕಾರಣವಾಗಿ ಹೇಳುತ್ತದೆ. ಹವೆಯೂ ಬೇಸರವೂ ಒಂದೇ ಎನ್ನುವವರು ಎರಡು ಬೇರೆ ಖಾತೆಗಳ ಲೆಕ್ಕವನ್ನು ಒಂದೇ ಪುಟದಲ್ಲಿ ಬರೆಯುತ್ತಿದ್ದಾರೆ.

ಭರತಮುನಿಯ ನಾಟ್ಯಶಾಸ್ತ್ರದ ಎಂಟು ಸ್ಥಾಯಿಭಾವಗಳಲ್ಲಿ ರತಿ, ಹಾಸ, ಶೋಕ, ಭಯ, ಜುಗುಪ್ಸೆಗಳಿವೆ, ಅರತಿ ಇಲ್ಲ. ಆದುದರಿಂದ ಬೇಸರವು ಭಾವವೇ ಅಲ್ಲವೆಂದು ಕೆಲವರು ವಾದಿಸಬಹುದು. ಭರತನ ಉದ್ದೇಶ ರಸೋತ್ಪತ್ತಿ. ಬೇಸರವನ್ನು ಸವಿಯಲು ಯಾವ ಪ್ರೇಕ್ಷಕನೂ ರಂಗಮಂದಿರಕ್ಕೆ ಬರುವುದಿಲ್ಲ. ನಮ್ಮ ಆಚಾರ್ಯರ ಉದ್ದೇಶ ಬಂಧದ ವಿಚಾರ. ಬಂಧಿಸುವುದು ರುಚಿಸಲಿ, ರುಚಿಸದಿರಲಿ, ಅದನ್ನು ಎಣಿಸಲೇಬೇಕು.

ಎದುರುಪಕ್ಷದಲ್ಲಿ ಪ್ರಬಲರೂ ಉಂಟು. ಜರ್ಮನಿಯ ತತ್ತ್ವಜ್ಞ ಮಾರ್ಟಿನ್ ಹೈಡೆಗರ್ 1929-30ರ ಫ್ರೈಬರ್ಗ್ ಉಪನ್ಯಾಸಗಳಲ್ಲಿ ಸಣ್ಣ ರೈಲು ನಿಲ್ದಾಣದಲ್ಲಿ ಗಾಡಿಗಾಗಿ ತಾಸುಗಟ್ಟಲೆ ಕಾಯುವವನ ಬೇಸರದಿಂದ ಆರಂಭಿಸಿ, ಕೊನೆಗೆ ಗಾಢವಾದ ಬೇಸರವನ್ನು ಮನುಷ್ಯನ ಇರುವಿಕೆಯ ಮೂಲಸ್ವರವೆಂದೇ ಬಗೆದನು. ಆದರೆ ರಾಯಬಾಗ ನಿಲ್ದಾಣದಲ್ಲಿ ಮಿರಜ ಗಾಡಿಗೆ ಕಾಯುವ ಇಬ್ಬರನ್ನು ನೋಡಿರಿ. ಒಬ್ಬನು ಕ್ಷಣಕ್ಕೊಮ್ಮೆ ಗಡಿಯಾರ ನೋಡಿ, ಮೊಬೈಲು ತೆರೆದು, ಮುಚ್ಚಿ ಒದ್ದಾಡುತ್ತಾನೆ. ಮತ್ತೊಬ್ಬನು ಅದೇ ಬಾಕಿನ ಮೇಲೆ ಶಾಂತನಾಗಿ ಕುಳಿತಿರುತ್ತಾನೆ. ನಿಲ್ದಾಣ ಒಂದೇ, ಗಾಡಿ ಒಂದೇ, ತಡವೂ ಒಂದೇ. ಇರುವಿಕೆಯೇ ಬೇಸರವಾಗಿದ್ದರೆ ಇಬ್ಬರಿಗೂ ಸಮನಾಗಿರಬೇಕಿತ್ತು.

ಜೀವದ ಐದು ಭಾವಗಳಲ್ಲಿ ಪಾರಿಣಾಮಿಕವು ಸ್ವಭಾವ. ಔದಯಿಕವು ಕರ್ಮದ ಉದಯದಿಂದ ತೋರುವಂಥದು. ಬೇಸರವು ಔದಯಿಕ. ನಮ್ಮ ಆಡುಮಾತು ಕೂಡ ಇದನ್ನು ಬಲ್ಲದು: ‘ಸಿಟ್ಟು ಬಂತು’ ಎಂಬಂತೆಯೇ ‘ಬ್ಯಾಸರ ಬಂತು’ ಎನ್ನುತ್ತೇವೆ, ಗಡಿಯ ಮರಾಠಿಗರು ‘ಕಂಟಾಳಾ ಆಲಾ’ ಎನ್ನುತ್ತಾರೆ. ಬಂದದ್ದು ಮನೆಯ ಯಜಮಾನನಲ್ಲ. ಹಾಗೆಂದು ಅದು ಅಪರಿಚಿತ ಅತಿಥಿಯೂ ಅಲ್ಲ. ಮುದ್ದತು ತುಂಬಿ ಬಂದ ಹುಂಡಿ. ಅದರ ಮೇಲಿನ ಸಹಿ ನಮ್ಮದೇ.

ಇನ್ನು ಕೆಲವರು ಬೇಸರಕ್ಕೆ ವೈರಾಗ್ಯದ ಹೆಸರಿಟ್ಟು ಗೌರವಿಸುತ್ತಾರೆ. ‘ಅಂಗಡಿ ಸಾಕಾಯಿತು, ಸಂಸಾರ ಸಾಕಾಯಿತು’ ಎಂದವನು ಅರೆಮುನಿಯಾದಂತೆ ಅವರ ಎಣಿಕೆ. ಸದಲಗೆಯಲ್ಲಿ 1946ರಲ್ಲಿ ಜನಿಸಿದ ಆಚಾರ್ಯ ವಿದ್ಯಾಸಾಗರರು 1968ರಲ್ಲಿ ಅಜಮೇರದಲ್ಲಿ ಮುನಿದೀಕ್ಷೆ ಪಡೆದು, 2024ರಲ್ಲಿ ಡೋಂಗರಗಡದ ಚಂದ್ರಗಿರಿಯಲ್ಲಿ ಸಮಾಧಿಸ್ಥರಾಗುವವರೆಗೆ 55 ವರ್ಷಗಳಿಗೂ ಮಿಕ್ಕಿ ಅದೇ ವ್ರತಗಳನ್ನು, ಅದೇ ಷಡಾವಶ್ಯಕಗಳನ್ನು ದಿನದಿನವೂ ಪಾಲಿಸಿದರು. ಬೇಸರಕ್ಕೆ ಅಷ್ಟು ಆಯುಷ್ಯವಿಲ್ಲ. ಅಂಗಡಿಯಲ್ಲಿ ಬೇಸತ್ತವನು ಬಸದಿಯಲ್ಲಿಯೂ ಬೇಸರುತ್ತಾನೆ. ವೈರಾಗ್ಯವು ರತಿ-ಅರತಿಗಳೆರಡನ್ನೂ ಬಿಡುವುದು. ಬೇಸರವು ಒಂದು ರತಿಯನ್ನು ಬಿಟ್ಟು ಮತ್ತೊಂದನ್ನು ಹುಡುಕುವುದು.

ಈ ವಿಚಾರ ಬರಿಯ ಪಾಂಡಿತ್ಯದ್ದಲ್ಲ. ಅರತಿಯ ಆಸ್ರವಕ್ಕೆ ಕಾರಣಗಳನ್ನು ಹೇಳುವಾಗ ಪೂಜ್ಯಪಾದರು ಪರರಲ್ಲಿ ಅರತಿಯನ್ನು ಹುಟ್ಟಿಸುವುದನ್ನೂ ಪರರ ರತಿಯನ್ನು ಕೆಡಿಸುವುದನ್ನೂ ಮೊದಲು ಎಣಿಸುತ್ತಾರೆ. ವ್ಯಾಪಾರಿಗಳಾದ ನಾವು ಇಲ್ಲಿ ತುಸು ನಿಲ್ಲಬೇಕು. ನಿಪ್ಪಾಣಿಯ ಸುತ್ತಲಿನ ಹೆಣ್ಣುಮಕ್ಕಳು ಮೊರವನ್ನು ಮಡಿಲಲ್ಲಿಟ್ಟು, ಎಲೆ ಕತ್ತರಿಸಿ, ತಂಬಾಕು ತುಂಬಿ, ನೂಲು ಸುತ್ತಿ, ಸಾವಿರಕ್ಕೆ ಇಷ್ಟೆಂಬ ಕೂಲಿಗೆ ದಿನವಿಡೀ ಬೀಡಿ ಕಟ್ಟುತ್ತ ಬಂದಿದ್ದಾರೆ. ‘ಅವರಿಗೇನು ಬೇಸರ, ರೂಢಿಯಾಗಿದೆ’ ಎಂದು ಗಾದಿಯ ಮೇಲೆ ಕುಳಿತು ಹೇಳುವುದು ಸುಲಭ. ಬೇಸರ ಕೇವಲ ಸ್ಥಿತಿಯಾದರೆ ಆ ಧಣಿ ನಿರ್ದೋಷಿ. ಅದು ನೋಕಷಾಯವಾದರೆ, ಇನ್ನೊಬ್ಬರ ಮನಸ್ಸನ್ನು ಕುಗ್ಗಿಸುವ ದುಡಿಮೆಯನ್ನು ಹೊರಿಸಿ ಲಾಭ ಪಡೆದವನ ಖಾತೆಗೂ ಅದು ಬೀಳುತ್ತದೆ. ಕೂಲಿ ಚುಕ್ತಾ ಆದರೂ ಈ ಬಾಕಿ ಉಳಿಯುತ್ತದೆ. ಸ್ವಾಧ್ಯಾಯದಲ್ಲಿ ಕುಳಿತು ಆಕಳಿಸಿ ಪಕ್ಕದವನನ್ನೂ ಎಬ್ಬಿಸಿಕೊಂಡು ಹೋಗುವವನಿಗೂ, ಕೇಳುವವರ ಆಸಕ್ತಿಯನ್ನು ಲೆಕ್ಕಿಸದೆ ಒಣ ಪ್ರವಚನವನ್ನು ಬೆಳೆಸುವವನಿಗೂ ಇದೇ ನ್ಯಾಯ.

ಅರತಿಯ ಉದಯವು ಎಂಟನೆಯ ಗುಣಸ್ಥಾನದವರೆಗೂ ಇರುವುದರಿಂದ, ಬೇಸರ ಬಂದಿತೆಂದು ಶ್ರಾವಕನು ನಾಚಬೇಕಾಗಿಲ್ಲ. ಅದನ್ನು ಹವೆಯೆಂದು ಕರೆದು ಕೈಕಟ್ಟಿ ಕುಳಿತರೆ ನಾಚಬೇಕು. ಕ್ರೋಧ ಬಂದಾಗ ‘ಇದು ನನ್ನ ಸ್ಥಿತಿ’ ಎಂದರೆ ನಾವು ಒಪ್ಪುವುದಿಲ್ಲ. ಬೇಸರಕ್ಕೆ ಮಾತ್ರ ಆ ರಿಯಾಯಿತಿ ಏಕೆ?